ಹೊಟ್ಟೆ ಸರಿ ಇಲ್ಲದವರ ಚಾ

ನಮ್ಮ ಮನೆಯಲ್ಲಿ ಆರಿದ ಚಾಕ್ಕೆ ಇರುವುದು ಒಂದೇ ಗತಿ, ಹಿತ್ತಿಲಿನ ಕರಿಬೇವಿನ ಬುಡ. ಪತ್ರಿಕೆ ಓದುತ್ತಾ ಪಕ್ಕದಲ್ಲಿಟ್ಟ ಲೋಟವನ್ನು ಮರೆಯುವುದು ನನ್ನ ಹಳೆಯ ಚಾಳಿ. ಹಾಗಾಗಿ ನಮ್ಮ ಕರಿಬೇವು ಇಡೀ ಕಾಪು ಊರಿನಲ್ಲೇ ಎಲ್ಲಕ್ಕಿಂತ ಸೊಂಪಾಗಿ ಬೆಳೆದಿದೆ ಎಂದು ನಾನು ಜಂಬ ಪಡುವುದುಂಟು. ಅಂಥ ನಾನು ಈ ಬೇಸಗೆಯಲ್ಲಿ ಬೇಕೆಂದೇ ಚಾ ಆರಿಸಿ, ಅದಕ್ಕೆ ಹಣ್ಣು ಹಾಕಿ, ಐಸು ಹಾಕಿ, ಮೇಲಿನಿಂದ ಸೋಡಾ ಹೊಯ್ದು ಜನರ ಕೈಗೆ ಕೊಡುವ ಮಟ್ಟಕ್ಕೆ ಬಂದಿದ್ದೇನೆ. ಕರಿಬೇವು ಸ್ವಲ್ಪ ಸೊರಗಿದೆ. ಇದಕ್ಕೆಲ್ಲ ಕಾರಣ ಉಚ್ಚಿಲದ ಭಾವ.

ಭಾವ ಎಂದರೆ ನನ್ನ ಹೆಂಡತಿ ಸುಮತಿಯ ಅಣ್ಣ. ನಾನು ಅವರನ್ನು ಭಾವ ಎಂದು ಕರೆಯುತ್ತೇನೆ, ಅವರೂ ನನ್ನನ್ನು ಭಾವ ಎಂದೇ ಕರೆಯುತ್ತಾರೆ. ಯಾರು ದೊಡ್ಡವರು, ಯಾರು ಚಿಕ್ಕವರು ಎಂಬ ತಕರಾರೇ ಇಲ್ಲದ ಇಂಥ ಸಂಬಂಧ ಇನ್ನೊಂದಿಲ್ಲ. ಅವರದು ಮೀನಿನ ವ್ಯಾಪಾರ. ಭಾನುವಾರ ಬೆಳಿಗ್ಗೆ ಬಂಗುಡೆಯೋ ಬೂತಾಯಿಯೋ ಸ್ಕೂಟರಿಗೆ ತೂಗು ಹಾಕಿಕೊಂಡು ಬರುತ್ತಾರೆ. ಚೀಲ ತಂಗಿಯ ಕೈಗೆ ಕೊಟ್ಟು, ಜಗಲಿಯ ಕುರ್ಚಿಯಲ್ಲಿ ಕುಳಿತು, ಅವಳು ಮಾಡಿದ ಚಾ ಕುಡಿಯುತ್ತಾರೆ. ಆಮೇಲೆ ಅಣ್ಣ ತಂಗಿ ತುಳುವಿನಲ್ಲಿ ಲೋಕದ ಸುದ್ದಿಯನ್ನೆಲ್ಲ ವಿಚಾರಿಸಿ ಮುಗಿಸುವಾಗ ಮಧ್ಯಾಹ್ನವಾಗುತ್ತದೆ. ಸುಮತಿ ವಾರವಿಡೀ ನನ್ನೊಡನೆ ಆಡುವ ಮಾತನ್ನೆಲ್ಲ ಒಟ್ಟು ಮಾಡಿದರೂ ಆ ಒಂದು ಬೆಳಗಿನ ಮಾತಿನಷ್ಟು ಆಗಲಿಕ್ಕಿಲ್ಲ. ನನಗೆ ಅದರಲ್ಲಿ ಬೇಸರವೇನೂ ಇಲ್ಲ. ಒಳಗೆ ಕುಳಿತು ಅವರಿಬ್ಬರ ನಗು ಕೇಳುವುದೇ ನನ್ನ ಭಾನುವಾರ.

ಹೀಗಿರುವಾಗ ಭಾವನಿಗೆ ಸಕ್ಕರೆ ಕಾಯಿಲೆ ಬಂತು. ಮಣಿಪಾಲದ ಡಾಕ್ಟರ ಹತ್ತಿರ ಜೊತೆಗೆ ಹೋದವನು ನಾನೇ. ಹಾಲು ಸಕ್ಕರೆ ಹಾಕಿದ ಚಾ ಬಿಡಬೇಕು, ಹಣ್ಣಿನ ಹೋಳು ಒಂದೆರಡು ತಿಂದರೆ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದರು. ಭಾವ ವಿಧೇಯರಾಗಿ ತಲೆಯಾಡಿಸಿದರು. ಅದರ ಮುಂದಿನ ಭಾನುವಾರ ಅವರು ಸ್ಕೂಟರು ನಿಲ್ಲಿಸಿದ್ದು ಗೇಟಿನ ಹೊರಗೆ. ಇಂಜಿನ್ನೂ ಬಂದ್ ಮಾಡಲಿಲ್ಲ.

"ಬನ್ನಿ ಭಾವ, ಚಾ ಕುಡಿದು ಹೋಗಿ," ಎಂದೆ, ಅಭ್ಯಾಸಬಲದಿಂದ.

"ಬೇಡ ಮಾರಾಯ್ರೆ. ಕೂತ್ರೆ ಸುಮತಿ ಚಾ ಮಾಡ್ತಾಳೆ. ಅವಳ ಕೈ ಸಕ್ಕರೆ ಡಬ್ಬಿಗೆ ಹೋದ್ರೆ ಬೇಡ ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ."

"ಸಕ್ಕರೆ ಹಾಕದೆ ಮಾಡ್ತಾಳೆ."

"ಅದನ್ನು ಕುಡಿಯುವಾಗ ಅವಳ ಸಪ್ಪೆ ಮುಖ ನೋಡ್ಬೇಕಲ್ವಾ?"

"ಹಾಗಾದ್ರೆ ಚಾ ಬೇಡ, ಸುಮ್ಮನೆ ಕೂತ್ಕೊಳ್ಳಿ."

ಭಾವ ನನ್ನನ್ನು ಪಾಪದವನನ್ನು ನೋಡುವಂತೆ ನೋಡಿದರು. "ಸುಮ್ಮನೆ ಕೂತ್ಕೊಳ್ಳುದು ಎಂತಕ್ಕೆ?" ಎಂದು ಹೇಳಿ ಹೋದರು. ವಾರ ವಾರವೂ ಹೀಗೆಯೇ ಆಯಿತು. ಸುಮತಿ ಮೀನಿನ ಚೀಲ ಹಿಡಿದುಕೊಂಡು ಸ್ಕೂಟರು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಿದ್ದಳು. ಆಮೇಲೆ ಮಾತಿಲ್ಲದೆ ಮೀನು ಕೊಯ್ಯಲು ಕೂರುತ್ತಿದ್ದಳು. ಆ ಮೌನ ನನಗೆ ಸಹಿಸಲಾಗಲಿಲ್ಲ. ಮೀನು ಮಾತ್ರ ಒಳಗೆ ಬಂದು ಅಣ್ಣ ಬಾರದ ಭಾನುವಾರ ಅವಳಿಗೆ ಬೇಡವಾಗಿತ್ತು, ಅವಳ ಮುಖ ನೋಡುವುದು ನನಗೂ ಬೇಡವಾಗಿತ್ತು.

ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನನಗೆ ಯಾವ ಸಂಕಟ ಬಂದರೂ ಮೊದಲು ಶಬ್ದದ ಮೂಲ ಹುಡುಕುವ ಕಾಯಿಲೆ ಉಂಟು. ಹಡಗು ಹತ್ತಿ ಹೋದಲ್ಲೆಲ್ಲ ಈ ಪಾನೀಯ 'ಟೀ' ಆಯಿತಂತೆ, ನೆಲದ ದಾರಿಯಲ್ಲಿ ಹೋದಲ್ಲೆಲ್ಲ 'ಚಾ' ಆಯಿತಂತೆ. ಹಾಗಾದರೆ ಕಡಲ ಬದಿಯ ನಾವು ಟೀ ಎನ್ನಬೇಕಿತ್ತಲ್ಲ? ಅದಕ್ಕೂ ಉತ್ತರ ಉಂಟು. ಹಡಗಿನಲ್ಲೇ ಬಂದ ಪೋರ್ಚುಗೀಸರು ಚಾ ಎನ್ನುತ್ತಿದ್ದರಂತೆ. ಇದನ್ನೆಲ್ಲ ಓದಿ ತಿಳಿದ ಮೇಲೆ ನನಗೆ ಹೊಳೆದದ್ದು ಬೇರೆಯೇ. ನಮ್ಮ ಊರಿನಲ್ಲಿ ಚಾ ಎನ್ನುವುದು ಕುಡಿಯುವ ವಸ್ತುವಿನ ಹೆಸರೇ ಅಲ್ಲ. 'ಚಾ ಕುಡಿದು ಹೋಗಿ' ಎಂದರೆ 'ಇಷ್ಟು ಬೇಗ ಹೋಗಬೇಡಿ' ಎಂದರ್ಥ. ಭಾವನಿಗೆ ಡಾಕ್ಟರು ನಿಲ್ಲಿಸಿದ್ದು ಸಕ್ಕರೆಯನ್ನಾದರೂ ನಿಂತದ್ದು ಕೂರುವುದು. ಹಾಗಾಗಿ ಶರಬತ್ತು, ಮಜ್ಜಿಗೆ, ಎಳನೀರು ಯಾವುದೂ ಆಗದು. ಅವರಿಗೆ ಕೊಡುವುದು ಚಾವೇ ಆಗಬೇಕು, ಆದರೆ ಸುಮತಿಯ ಚಾ ಆಗಬಾರದು.

ಆಗ ನೆನಪಾದದ್ದು ಮಣಿಪಾಲ. ಡಾಕ್ಟರನ್ನು ಕಂಡು ಬರುವಾಗ ಬಿಸಿಲು ತಾಳಲಾರದೆ ನಾವಿಬ್ಬರೂ ಒಂದು ಅಂಗಡಿಗೆ ನುಗ್ಗಿ ಫ್ಯಾನಿನ ಕೆಳಗೆ ಕೂತಿದ್ದೆವು. ಸುತ್ತ ಯಾವ್ಯಾವುದೋ ಊರಿನ ಕಾಲೇಜು ಮಕ್ಕಳು ಉದ್ದ ಗ್ಲಾಸುಗಳಲ್ಲಿ ಹಣ್ಣು ತೇಲುವ, ಗುಳ್ಳೆ ಏಳುವ ಏನನ್ನೋ ಕೊಳವೆಯಲ್ಲಿ ಹೀರುತ್ತಿದ್ದರು. ಅದೂ ಚಾ ಎಂದು ಹುಡುಗಿಯೊಬ್ಬಳು ಹೇಳಿದಾಗ ಭಾವ ತುಂಬ ಹೊತ್ತು ಆ ಗ್ಲಾಸನ್ನೇ ನೋಡಿ, "ಆರಿದ ಚಾಕ್ಕೆ ಇಷ್ಟು ಮರ್ಯಾದೆ ಉಂಟಾ?" ಎಂದಿದ್ದರು. ಆ ದನಿಯಲ್ಲಿ ತಿರಸ್ಕಾರಕ್ಕಿಂತ ಕುತೂಹಲವೇ ಹೆಚ್ಚಿತ್ತು ಎಂದು ನನಗೆ ಈಗ ಅನ್ನಿಸಿತು.

ಸುಮತಿಗೆ ಹೇಳದೆ ಪ್ರಯೋಗ ಶುರು ಮಾಡಿದೆ. ಮೊದಲ ದಿನ ಚಾ ಹುಡಿಯನ್ನು ನಮ್ಮ ಪದ್ಧತಿಯಂತೆ ಚೆನ್ನಾಗಿ ಕುದಿಸಿ ಫ್ರಿಜ್ಜಿನಲ್ಲಿಟ್ಟೆ. ತಣಿದಾಗ ಅದು ಕೆಸರು ನೀರಿನ ಬಣ್ಣಕ್ಕೆ ತಿರುಗಿ ನಾಲಿಗೆಗೆ ಒಗರಾಗಿ ಅಂಟಿಕೊಂಡಿತು. ಕರಿಬೇವಿಗೆ ಹೋಯಿತು. ಮರುದಿನ ಎಲೆ ಚಾ ತಂದು, ಒಲೆಯನ್ನೇ ಮುಟ್ಟದೆ, ತಣ್ಣೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಸೋಸಿದೆ. ಒಗರು ಮಾಯವಾಗಿ ತಿಳಿಯಾದ ಕೆಂಪು ಬಂತು. ಹುಳಿಗೆ ಪುನರ್ಪುಳಿಯ, ಅಂದರೆ ಕೋಕಂನ, ಒಣಸಿಪ್ಪೆ ನೆನೆಸಿದ ನೀರು, ಪರಿಮಳಕ್ಕೆ ನಿಂಬೆ, ಸಿಹಿಗೆ ಕಾರ್ಕಳದ ಕಡೆಯಿಂದ ಬಂದ ಅನಾನಸಿನ ಎರಡು ಹೋಳು. ಸಕ್ಕರೆ ಇಲ್ಲ. ಇನ್ನು ಸೋಡಾ ಮಾತ್ರ ಬಾಕಿ. ಎಲ್ಲವೂ ಹದವಾಗಿ ಬೆರೆಯಲಿ ಎಂದು ಅದನ್ನೂ ಬಾಟಲಿಗೆ ಹೊಯ್ದು, ಮುಚ್ಚಳ ಬಿಗಿದು, ಮಜ್ಜಿಗೆ ಕುಲುಕಿದ ಹಾಗೆ ಕುಲುಕಿದೆ.

ಸುಮತಿ ಓಡಿ ಬಂದಾಗ ಅಡುಗೆಮನೆಯ ಗೋಡೆ, ನನ್ನ ಬಿಳಿ ಪಂಚೆ, ಕನ್ನಡಕ ಎಲ್ಲ ಪುನರ್ಪುಳಿಯ ಬಣ್ಣಕ್ಕೆ ಬಂದಿದ್ದವು. ಅವಳು ಏನೂ ಕೇಳಲಿಲ್ಲ. ನನ್ನ ಮುಖವನ್ನೊಮ್ಮೆ ಕನಿಕರದಿಂದ ನೋಡಿ ಬಟ್ಟೆ ತಂದು ಗೋಡೆ ಒರೆಸಿದಳು. ಸೋಡಾವನ್ನು ಕೊನೆಗೆ, ಗ್ಲಾಸಿನ ಅಂಚಿನಲ್ಲಿ, ನಿಧಾನವಾಗಿ ಇಳಿಸಬೇಕು ಎಂಬ ಜ್ಞಾನ ನನಗೆ ಬಂದದ್ದು ಹೀಗೆ. ಆ ವಾರವೆಲ್ಲ ಅವಳು ರಾತ್ರಿಯೂಟಕ್ಕೆ ಗಂಜಿಯನ್ನೇ ಬಡಿಸಿದಳು. ಸೆಕೆಗೆ ಇದೇ ಒಳ್ಳೆಯದು ಎಂದುಕೊಂಡು ನಾನೂ ಸುಮ್ಮನೆ ಉಂಡೆ.

ಭಾನುವಾರ ಬಂತು. ಗೇಟಿನ ಹೊರಗೆ ಸ್ಕೂಟರು ಗುರುಗುಟ್ಟಿತು. ನಾನು ಸುಮತಿಗಿಂತ ಮೊದಲೇ ಹೋಗಿ ನಿಂತೆ.

"ಭಾವ, ಇವತ್ತು ಹಾಲಿಲ್ಲ, ಸಕ್ಕರೆ ಇಲ್ಲ, ಬಿಸಿಯೂ ಇಲ್ಲ. ಆದ್ರೆ ಚಾ ಉಂಟು. ಮಾಡಿದ್ದು ನಾನು."

ಕೊನೆಯ ಮಾತೇ ಅವರನ್ನು ಇಳಿಸಿರಬೇಕು. ಇಂಜಿನ್ನು ನಿಂತಿತು. ಭಾವ ಬಂದು, ಎಷ್ಟೋ ವಾರಗಳಿಂದ ಖಾಲಿ ಇದ್ದ ಕುರ್ಚಿಯಲ್ಲಿ ಕೂತರು. ನಾನು ಐಸಿನ ಮೇಲೆ ಚಾ ಹೊಯ್ದು, ಅಂಚಿನಲ್ಲಿ ಸೋಡಾ ಇಳಿಸಿ, ನಿಂಬೆಯ ಬಿಲ್ಲೆ ತೇಲಿಸಿ ಕೈಗೆ ಕೊಟ್ಟೆ. ಗುಳ್ಳೆಗಳು ಚೆಂದವಾಗಿ ಏಳುತ್ತಿದ್ದವು. ಭಾವ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಒಂದು ಗುಟುಕು ಕುಡಿದರು. ಅವರ ಮುಖ ಗಂಭೀರವಾಯಿತು. ತಂಗಿಯ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಇಲ್ಲಿ ಯಾರಿಗೆ ಹೊಟ್ಟೆ ಸರಿ ಇಲ್ಲದ್ದು?"

ಹಾಲಿಲ್ಲದ ಚಾಕ್ಕೆ ನಿಂಬೆ ಹಿಂಡಿ ನಮ್ಮಲ್ಲಿ ಕೊಡುವುದು ಯಾರಿಗೆ? ಬೆಳಗಿನಿಂದ ಐದಾರು ಸಲ ಹಿತ್ತಿಲಿಗೆ ಓಡಿದವರಿಗೆ. ಸೋಡಾ ಗ್ಯಾಸಿಗೆ, ಪುನರ್ಪುಳಿ ಪಿತ್ತಕ್ಕೆ. ನಾನು ವಾರವಿಡೀ ಕಷ್ಟಪಟ್ಟು ಹೊಟ್ಟೆನೋವಿನ ಮದ್ದುಗಳನ್ನೆಲ್ಲ ಒಂದೇ ಗ್ಲಾಸಿಗೆ ತುಂಬಿಸಿದ್ದೆ.

"ಇವರಿಗೆ, ಅಣ್ಣ," ಎಂದಳು ಸುಮತಿ, ತಗ್ಗಿದ ದನಿಯಲ್ಲಿ. "ಒಂದು ವಾರ ಆಯ್ತು. ನನ್ನ ಹತ್ರ ಹೇಳ್ಲಿಕ್ಕೆ ನಾಚಿಕೆ. ಕದ್ದು ಕದ್ದು ಮಾಡಿ ಕುಡೀತಿದ್ದಾರೆ. ನಾನು ಗಂಜಿ ಕೊಡ್ತಾ ಇದ್ದೇನೆ."

ಗಂಜಿಯ ಅರ್ಥ ನನಗಾದದ್ದು ಆಗ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಮಣಿಪಾಲದ ಅಂಗಡಿಯಿಂದ ಹಿಡಿದು ಅಡುಗೆಮನೆಯ ಗೋಡೆಯವರೆಗೆ ಎಲ್ಲ ಹೇಳಿದೆ. ಯಾಕೆ ಮಾಡಿದೆ ಎಂಬುದನ್ನೂ ಹೇಳಿದೆ. ಸುಮತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ನಗುವಿಗೋ ಮತ್ತೊಂದಕ್ಕೋ ನನಗೆ ತಿಳಿಯಲಿಲ್ಲ. ಭಾವ ಮಾತ್ರ ಕುರ್ಚಿ ಕಿರುಗುಟ್ಟುವಷ್ಟು ನಕ್ಕರು. ನಗು ನಿಂತ ಮೇಲೆ ಗ್ಲಾಸನ್ನು ಖಾಲಿ ಮಾಡಿ, ಅನಾನಸಿನ ಹೋಳನ್ನು ಬೆರಳಿನಿಂದ ತೆಗೆದು ತಿಂದು, "ರುಚಿ ಉಂಟು. ಆದ್ರೆ ಇದನ್ನು ಚಾ ಅಂತ ನನ್ನಿಂದ ಹೇಳಿಸ್ಬೇಡಿ ಮಾರಾಯ್ರೆ," ಎಂದರು. ಸ್ವಲ್ಪ ಹೊತ್ತು ಕೂತು ಹೊರಟರು.

ಚಾ ಅಲ್ಲ ಎಂದ ಮೇಲೆ ಮತ್ತೆ ಕೂರಲು ಅವರಿಗೆ ನೆವವೇನಿದೆ ಎಂದು ನಾನು ವಾರವಿಡೀ ಚಿಂತಿಸಿದೆ. ಆದರೂ ಶನಿವಾರ ಎಲೆ ನೆನೆಹಾಕಿದೆ. ಸೋಡಾ ತಂದಿಟ್ಟೆ. ನಾನೇನೂ ಹೇಳದಿದ್ದರೂ ಸುಮತಿ ಅನಾನಸು ಹೆಚ್ಚಿಟ್ಟಿದ್ದಳು.

ಭಾನುವಾರ ಸ್ಕೂಟರು ಬಂದು ಗೇಟಿನ ಹೊರಗೆ ನಿಂತಿತು. ಇಬ್ಬರೂ ಒಳಗಿನಿಂದಲೇ ಕಿವಿಗೊಟ್ಟೆವು. ಇಂಜಿನ್ನು ಬಂದ್ ಆಯಿತು. ಒಂದು ಕೈಯಲ್ಲಿ ಮೀನಿನ ಚೀಲ, ಇನ್ನೊಂದು ಕೈ ಹೊಟ್ಟೆಯ ಮೇಲೆ, ಭಾವ ಮೆಟ್ಟಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದರು.

"ಸುಮತೀ, ಎಂತದೋ ಗೊತ್ತಿಲ್ಲ, ಇವತ್ತು ನನಗೆ ಹೊಟ್ಟೆ ಸರಿ ಇಲ್ಲ," ಎಂದರು.

ಅವತ್ತು ಮಧ್ಯಾಹ್ನದವರೆಗೂ ಅವರ ಹೊಟ್ಟೆ ಸರಿಯಾಗಲಿಲ್ಲ.