ಚಟ್ಲಿ ಸಾರು, ತುರಿಕೆ ಮಾತ್ರೆ

ನಮ್ಮ ಮನೆಯ ಶಾಸ್ತ್ರದ ಪ್ರಕಾರ ಚಟ್ಲಿ ಸಾರು ಉಣ್ಣುವ ಮೊದಲು ಕೈ ತೊಳೆದು ತುರಿಕೆ ಮಾತ್ರೆ ನುಂಗಬೇಕು. ನನ್ನ ಹೆಂಡತಿಗೆ ಚಟ್ಲಿ, ಅಂದರೆ ಸಿಗಡಿ, ಮೈಗೆ ಆಗದು, ಬಿಡಲೂ ಆಗದು. ಕಿರಿಮಂಜೇಶ್ವರದ ಮೀನು ವ್ಯಾಪಾರದವರ ಮಗಳಿಗೆ ಅದನ್ನು ಬಿಡು ಎನ್ನುವ ಧೈರ್ಯ ನನಗೂ ಇರಲಿಲ್ಲ.

ಮರೆವಿನ ಕಾಯಿಲೆ ಶುರುವಾದ ಮೇಲೆ ದಿನವೂ ಚಟ್ಲಿ ಕೇಳತೊಡಗಿದಳು. ನಮ್ಮ ಜೊತೆಗಿರುವ ಅವಳ ತಂಗಿ, ಯಾವುದಕ್ಕೂ ಇರಲಿ ಎಂದು ಮಾತ್ರೆಯನ್ನೂ ದಿನವೂ ಕೊಡತೊಡಗಿದಳು. ಬರೀ ಗಂಜಿ ಉಂಡ ದಿನವೂ. ಮೆಡಿಕಲ್ ಶಾಪಿನವ ಚೀಟಿ ಕೇಳುತ್ತಿರಲಿಲ್ಲ. ಮರೆವಿಗೆ ಮದ್ದು ಬರೆದ ಡಾಕ್ಟರು, ಬೇರೆ ಎಂತ ನುಂಗುತ್ತಾಳೆ ಎಂದು ವಿಚಾರಿಸುವಷ್ಟು ಕೆಳಗಿಳಿಯುವವರಲ್ಲ.

ಅವಳು ನನ್ನನ್ನು 'ಹ್ವಾಯ್' ಎಂದು ಕರೆಯುವುದು ನಿಂತುಹೋಯಿತು. ಮದುವೆಯಾದಾಗಿನಿಂದ ಈ ಮನೆಯಲ್ಲಿ ನನಗಿದ್ದ ಹೆಸರೇ ಅದು. ಈಗ ಸೆರಗು ಸರಿಮಾಡಿಕೊಂಡು, "ಕೂಕಣಿ, ನಮ್ಮನಿಯರ್ ಈಗ ಬತ್ರ್" ಎಂದು, ಗಂಡ ಬರುವ ತನಕ ಕಾಯಲೆಂದು, ನನ್ನನ್ನು ಜಗಲಿಯಲ್ಲಿ ಕೂರಿಸುತ್ತಿದ್ದಳು. ನಾನು ನನ್ನನ್ನೇ ಕಾಯುತ್ತ ಮರ್ಯಾದೆಯಿಂದ ಕೂತಿರುತ್ತಿದ್ದೆ.

ಕೊನೆಗೆ ಕುಂದಾಪುರದ ಇನ್ನೊಬ್ಬ ಡಾಕ್ಟರು, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತಂದು ಮೇಜಿನ ಮೇಲೆ ಸುರಿಯಲು ಹೇಳಿದರು. ತುರಿಕೆ ಮಾತ್ರೆ ಕಂಡು ಅವರ ಮುಖ ಗಂಟಿಕ್ಕಿತು. ಮೆದುಳಿನಲ್ಲಿ ರಿಸೆಪ್ಟರ್ ಎಂಬುದಿದೆಯಂತೆ, ದೋಣಿ ತಂದು ಕಟ್ಟುವ ನಮ್ಮ ಮೀನಿನ ಧಕ್ಕೆಯ ಹಾಗೆ. ನೆನಪಿಗೆ ಬೇಕಾದ ರಸವೆಂಬ ದೋಣಿ ಅಲ್ಲಿಗೆ ಬಂದು ಮಾಲು ಇಳಿಸಬೇಕು. ಮರೆವಿನ ಮದ್ದು ಆ ರಸ ಬೇಗ ಕರಗದಂತೆ ಕಾಯುತ್ತದೆ. ಈ ತುರಿಕೆ ಮಾತ್ರೆಯೋ, ಖಾಲಿ ದೋಣಿ ತಂದು ಅದೇ ಧಕ್ಕೆಗೆ ಕಟ್ಟಿ ಕೂರುತ್ತದೆ. ಕಾಯಿಲೆ ಇದರಿಂದ ಬಂದದ್ದಲ್ಲ, ಆದರೆ ಇದು ಇರುವ ತನಕ ಮದ್ದಿಗೆ ಜಾಗವಿಲ್ಲ ಎಂದರು.

ಲೋಕದ ವಿಜ್ಞಾನಿಗಳು ಇಂಥ ಧಕ್ಕೆಗಳಿಗೆ ಹೊಸ ಹೊಸ ಮದ್ದು ಹುಡುಕುತ್ತಿದ್ದಾರಂತೆ. ಹುಡುಕಲಿ. ಇದ್ದ ಮದ್ದನ್ನು ಊಟದ ಬಟ್ಟಲಿನ ಪಕ್ಕದಲ್ಲೇ ಕೊಲ್ಲುವ ಏರ್ಪಾಡನ್ನು ನಾವು ಬೈಂದೂರು ತಾಲೂಕಿನಲ್ಲಿ ಸಾಂಗವಾಗಿ ನಡೆಸುತ್ತಿದ್ದೇವೆ. ಮೆಡಿಕಲ್ ಶಾಪಿಗೆ ಹೋಗಿ ಕೂಗಾಡಿದೆ. ಅವನು ತಲೆಯೆತ್ತದೆ, "ನೀವೇ ಅಲ್ದಾ ಕೇಂಡದ್ದ್?" ಎಂದ. ಅದೂ ನಿಜವೇ, ಕೇಳಿ ತಂದವನು ನಾನೇ, ಅದಕ್ಕೇ ಇನ್ನಷ್ಟು ಉರಿಯಿತು.

ತುರಿಕೆ ಮಾತ್ರೆ ನಿಲ್ಲಿಸಿ ಕೆಲವು ವಾರವಾಗಿತ್ತು. ಒಂದು ಮಧ್ಯಾಹ್ನ ಅಡುಗೆಮನೆಯಿಂದ ಕೇಳಿತು:

"ಹ್ವಾಯ್, ಚಟ್ಲಿ ತರ್ಲಿಲ್ಯಾ?"

ಸಂತೋಷಪಡಬೇಕಿತ್ತು. ಬಂದದ್ದು ಸಿಟ್ಟು. ನಡುವೆ ಹೋದ ಅಷ್ಟೂ ತಿಂಗಳ ಹ್ವಾಯ್‌ಗಳನ್ನು ಯಾವ ಡಾಕ್ಟರು ತಂದುಕೊಡುತ್ತಾರೆ? ಇದಾದರೂ ಎಷ್ಟು ದಿನವೋ. ಕಾಯಿಲೆ ಎಲ್ಲಿಗೂ ಹೋಗಿಲ್ಲ.

ಈ ಮನೆಗೆ ಇನ್ನು ಚಟ್ಲಿ ಬರುವುದಿಲ್ಲ ಎಂದೆ. ಊಟ ಮುಗಿಯುವ ತನಕ ಬೈದಳು, ನನ್ನ ಅಪ್ಪನನ್ನೂ ಸೇರಿಸಿ. ನಾನು ತಲೆ ತಗ್ಗಿಸಿ ಬಂಗುಡೆಯ ಮುಳ್ಳು ಬಿಡಿಸಿ ಅವಳ ಬಟ್ಟಲಿಗೆ ಹಾಕುತ್ತ ಕೂತೆ.