ಕಾಕಾ ತಂದ ಮಾತು

ಆಗೆಲ್ಲ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಹಗಲುಹೊತ್ತು ಬಾಗಿಲಿಗೆ ಅಗಳಿ ಹಾಕುವ ರೂಢಿ ಇರಲಿಲ್ಲ. ಬಂದವರು ಸುಮ್ಮನೆ ಒಳಗೆ ಬರುತ್ತಿದ್ದರು. ಹೋಗುವವರು ಮಾತ್ರ 'ಹೋಗ್ತೇನಿ' ಅನ್ನುವಂತಿರಲಿಲ್ಲ, 'ಬರ್ತೇನಿ' ಅನ್ನಬೇಕು. ನನ್ನಪ್ಪನೂ ಹಾಗೇ ಅಂದು, ಕಾಕಾನ ಜೊತೆ ದಂಡಿನ ಲಾರಿ ಓಡಿಸಲು ಸಿಂಗಾಪುರಕ್ಕೆ ಹೋಗಿದ್ದ.

ಲಡಾಯಿ ಮುಗಿದ ಮರುವರ್ಷ ಕಾಕಾ ಒಬ್ಬನೇ ಬಂದ. ಬಡಕಲು ಮೈಮೇಲಿನ ಅಂಗಿ ಗೂಟಕ್ಕೆ ತೂಗುಹಾಕಿದಂತಿತ್ತು.

"ಅಣ್ಣ ಮುಂದಿನ ಹಡಗದಾಗ ಬರ್ತಾನ್ರಿ ವೈನಿ" ಎಂದಷ್ಟೇ ಅವ್ವನಿಗೆ ಹೇಳಿದ. ಅವ್ವ ಮರುದಿನದಿಂದ ಕುಂಕುಮ ಇನ್ನಷ್ಟು ದುಂಡಗೆ ಇಟ್ಟುಕೊಳ್ಳತೊಡಗಿದಳು.

ನನಗೆ ಓರಗೆಯವರಿರಲಿಲ್ಲ. ಸಾಲೆಯಿಂದ ಬಂದು ಕಟ್ಟೆಯ ಮೇಲೆ ಎಡಗೈಯನ್ನೇ ಎದುರಾಳಿ ಮಾಡಿಕೊಂಡು ಹರಳಾಟ ಆಡುತ್ತಿದ್ದೆ. ಸಂಜೆ ಗ್ಯಾರೇಜಿನಿಂದ ಗ್ರೀಸಿನ ವಾಸನೆ ಹೊತ್ತು ಬಂದ ಕಾಕಾ ಹೊಸ್ತಿಲಾಚೆ ನಿಂತು "ತದಾಯಿಮಾ" ಅನ್ನುತ್ತಿದ್ದ. ತುಸು ಕಾದು ಒಳಗೆ ಬರುತ್ತಿದ್ದ.

"ಹಂಗಂದ್ರ ಏನ್ರಿ ಕಾಕಾ?"

"ಜಪಾನಿ ಮಾತವ್ವಾ. 'ಈಗ ಬಂದೆ' ಅಂತ. ಜಪಾನಿ ಮಂದಿ ಸೆರ್ಯಾಗ ಇಟ್ಟಾಗ ನಮ್ಮ ಕಾವಲಿಗೆ ಒಬ್ಬ ಮುದುಕ ಇದ್ದ. ಖಾಲಿ ಖೋಲಿಗೆ ಹೊಕ್ಕರೂ ಅಂತಿದ್ದ, ಪಾಪ."

"ಒಳಗಿದ್ದವರು?"

"'ಒಕಾಯೆರಿ' ಅನ್ನಬೇಕು. 'ಬಂದ್ಯಾ, ಬಾ' ಅಂತ."

ಮರುದಿನ ನಾನು ಪಕ್ಕದ ಮನೆಗೆ ಹೋಗಿ ಗತ್ತಿನಿಂದ "ತದಾಯಿಮಾ" ಎಂದೆ. ಕೇಳಿ ಕಾಕಾ ಮೊದಲ ಸಲ ನಕ್ಕ. "ಹುಚ್ಚಿ, ಮಂದಿ ಮನ್ಯಾಗ ಅನ್ನೂದಲ್ಲ ಅದು. ತನ್ನ ಮನಿಗೆ ಬಂದಾಗಷ್ಟ."

ಆದರೂ ಕಾಕಾನಿಗೆ ನಾನು 'ಒಕಾಯೆರಿ' ಅನ್ನಲಿಲ್ಲ. ಆ ಮಾತನ್ನು ಹಬ್ಬದ ಲಂಗದ ಹಾಗೆ ಅಪ್ಪನಿಗೆಂದು ಎತ್ತಿಟ್ಟಿದ್ದೆ.

ಒಂದು ಸಂಜೆ "ತದಾಯಿಮಾ" ಅಂದವನು ಒಳಗೆ ಬರಲೇ ಇಲ್ಲ.

"ಯಾಕ, ಕಲಿಸಿದ್ದು ಮರತ್ಯಾ?"

"ಇಲ್ರಿ. ಅದು ಅಪ್ಪಗ."

ಕಾಕಾ ಹೊಸ್ತಿಲ ಮೇಲೆ ಕುಳಿತ. "ನನಗ ಅಂದುಬಿಡವ್ವಾ. ಅಣ್ಣ ಬರಂಗಿಲ್ಲ. ನನ್ನ ತೊಡಿ ಮ್ಯಾಲೇ ಜೀವಾ ಬಿಟ್ಟ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹಂಚಿನ ಮೇಲಿನದು ಸೀಯುವ ವಾಸನೆ ಬಂದರೂ ಅವ್ವ ತಿರುವಿ ಹಾಕಲಿಲ್ಲ. ನನಗೆ ಅಳು ಬರಲಿಲ್ಲ, ಹೆದರಿಕೆ ಬಂತು. ಕಾಕಾನ ಅಂಗಿ ಹಿಡಿದುಕೊಂಡು "ಒಕಾಯೆರಿ" ಎಂದೆ.

ಈಗ ಆ ಮನೆಯಿಲ್ಲ, ಅವ್ವ, ಕಾಕಾ ಯಾರೂ ಇಲ್ಲ. ಮಗ, ಸೊಸೆ, ನಾನು, ಎಲ್ಲರ ಹತ್ತಿರವೂ ಒಂದೊಂದು ಕೀಲಿಕೈ. ಯಾರು ಬಂದರೆಂದು ಚಪ್ಪಲಿ ನೋಡಿ ತಿಳಿಯಬೇಕು. ಸಂಜೆ ಬಾಗಿಲು ತೆರೆದ ಸಪ್ಪಳಕ್ಕೆ 'ಒಕಾಯೆರಿ' ಬಾಯಿತನಕ ಬರುತ್ತದೆ. ಆದರೆ ಬಂದವರು ಮೊದಲು ಅನ್ನಬೇಕಲ್ಲ.