ಕೀಲಿಕೈಗೆ ಹಚ್ಚಿದ ಭಂಡಾರ

ಮಾಳಪ್ಪನ ಮುತ್ತಜ್ಜ ಸಿದ್ಧಮಾಳ. ಭೀಮೆ ಎರಡೂ ದಂಡೆ ತುಂಬಿ ಹರಿಯುತ್ತಿದ್ದ ಒಂದು ಆಷಾಢದಲ್ಲಿ, ಮುಂದಾಳು ಟಗರನ್ನು ಹೆಗಲಿಗೆ ಹಾಕಿಕೊಂಡು ನೀರಿಗಿಳಿದು, ಅದರ ಕೂಗಿನ ಬೆನ್ನಿಗೆ ಇಡೀ ಮಂದೆಯನ್ನು ಆಚೆ ದಂಡೆಗೆ ಹತ್ತಿಸಿದವನು. ಒಂದು ಕುರಿಯೂ ಕೊಚ್ಚಿ ಹೋಗಲಿಲ್ಲ ಎಂದು ಊರವರು ಹೇಳುತ್ತಾರೆ. ಒಂದು ಹೋಯಿತು, ಅದು ಮೊದಲೇ ಕುಂಟು ಎಂದು ಅವನೇ ಹೇಳುತ್ತಿದ್ದನಂತೆ.

ಅವನ ಮಗ ಹೊನ್ನಪ್ಪ. ಪೊಲೀಸ್ ಆಕ್ಷನ್ನಿಗೆ ಮುಂಚಿನ ಗದ್ದಲದಲ್ಲಿ ಊರು ಬಿಟ್ಟು ಓಡಬೇಕಾದ ಹೆಂಗಸರು ಮಕ್ಕಳಿಗೆ ಕಂಬಳಿ ಹೊದಿಸಿ, ಕೈಗೊಂದು ಕೋಲು ಕೊಟ್ಟು, ಕುರಿಗಳ ನಡುವೆ ನಡೆಸಿಕೊಂಡು ಸೊಲ್ಲಾಪುರದ ಗಡಿ ದಾಟಿಸಿದವನು. ಚೌಕಿಯವರು ಕುರಿ ಎಣಿಸಿದರೇ ಹೊರತು ಕುರುಬರನ್ನು ಎಣಿಸಲಿಲ್ಲ.

ಹೊನ್ನಪ್ಪನ ಮಗ ಬೀರಣ್ಣ, ಮಾಳಪ್ಪನ ತಂದೆ. ತೋಳದ ಬಾಯಿಗೆ ಕೈಹಾಕಿ ಮರಿ ಬಿಡಿಸಿಕೊಂಡವನು. ಎರಡು ಬೆರಳು ಅಲ್ಲೇ ಬಿಟ್ಟು ಬಂದ. ಗಾಯ ಮಾಯುವ ತನಕವಾದರೂ ಮನೆಯಲ್ಲಿ ಮಲಗು ಎಂದರೆ, "ಮಾಳಿಗಿ ಕೆಳಗ ಮಲಗಿದ್ರ ಉಸಿರು ಕಟ್ಟತೈತಿ" ಎಂದು ಬಟ್ಟೆ ಸುತ್ತಿದ ಕೈಯಲ್ಲೇ ಕುರಿಯ ಹಿಂದೆ ಹೊರಟನಂತೆ.

ಈ ಮೂವರೂ ಒಂದು ನೆಲದಲ್ಲಿ ಬೇರು ಬಿಟ್ಟವರಲ್ಲ. ಹೊಲದವನು ಕರೆದರೆ ಅವನ ಹೊಲದಲ್ಲಿ ಮಂದೆ ತರುಬಿ, ಗೊಬ್ಬರ ಬಿದ್ದ ಮೇಲೆ ಮುಂದಿನ ಹೊಲಕ್ಕೆ ಎದ್ದವರು. ಇಂಥ ಮನೆತನದ ಮಾಳಪ್ಪ ಈಗ ಹೈದರಾಬಾದಿನಲ್ಲಿ, ಬಾಲಾನಗರ ದಾಟಿ ಪಟಾನ್‌ಚೆರುವಿನ ದಿಕ್ಕಿಗೆ ಹೋದರೆ ಸಿಗುವ ಎರ್ರಗುಟ್ಟ ಪಾರ್ಕಿನ ಗೇಟಿನ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದಾನೆ. ಕುರ್ಚಿಯ ಒಂದು ಕಾಲು ಮುರಿದಿದೆ, ಅದರ ಕೆಳಗೆ ಇಟ್ಟಿಗೆ ಇಟ್ಟಿದ್ದಾನೆ.

ಎರ್ರಗುಟ್ಟ ಎಂದರೆ ಕೆಂಪು ಬಂಡೆಯ ಒಂದು ಗುಡ್ಡ. ಬುಡದಲ್ಲಿ ಬೇವು, ಸೀತಾಫಲ, ಜಾಲಿ. ಸುತ್ತ ಆಳೆತ್ತರದ ಕಬ್ಬಿಣದ ಬೇಲಿ. ಬೇಲಿಯ ಆಚೆ ನಾಲ್ಕೂ ದಿಕ್ಕಿಗೆ ಹೊಸ ಕಾಲೊನಿಗಳು, ಮುಗಿಲಿಗೆ ಏಣಿ ಹಾಕಿದಂಥ ಕಟ್ಟಡಗಳು. ಗುಡ್ಡವನ್ನು ಸುತ್ತುವರಿದು ಮಣ್ಣಿನ ಹಾದಿ ಮಾಡಿದ್ದಾರೆ. ಬೆಳಗ್ಗೆ ಸಂಜೆ ಕಾಲೊನಿಯವರು ಬಣ್ಣ ಬಣ್ಣದ ಬೂಟು ಹಾಕಿಕೊಂಡು ಬಂದು ಆ ಹಾದಿಯಲ್ಲಿ ಬಿರುಸಾಗಿ ನಡೆಯುತ್ತಾರೆ. ಗಾಣದ ಎತ್ತಿಗಾದರೂ ಎಣ್ಣೆ ಬರುತ್ತದೆ, ಇವರಿಗೆ ಬರೀ ಬೆವರು ಬರುತ್ತದೆ ಎಂದು ಮಾಳಪ್ಪ ಮೊದಮೊದಲು ನಗುತ್ತಿದ್ದ. ಈಗ ನಗುವುದಿಲ್ಲ. ಅವರು ಸುತ್ತು ಮುಗಿಸಿ ಗೇಟು ದಾಟಿ ಮನೆಗೆ ಹೋಗುತ್ತಾರೆ. ಇವನು ಹೋಗುವುದಿಲ್ಲ.

ಅವನು ಇಲ್ಲಿಗೆ ಬಂದದ್ದು ಒಂದು ಮಳೆಗಾಲಕ್ಕೆಂದು. ಯಾದಗಿರಿ ಕಡೆಯ ಹೆದ್ದಾರಿಯಲ್ಲಿ ಮಂದೆ ದಾಟಿಸುವಾಗ ಲಾರಿಯೊಂದು ಬದಿಗೆ ಉಜ್ಜಿ, ಮೊಣಕಾಲು ಚಿಪ್ಪು ಒಡೆದಿತ್ತು. ಕಾಲಿಲ್ಲದ ಕುರುಬ ಹಲ್ಲಿಲ್ಲದ ನಾಯಿಯ ಹಾಗೆ, ಹೊರೆಯೇ ಹೊರತು ಕಾವಲಿಗೆ ಬಾರದು. ಕುರಿಗಳನ್ನು ತಮ್ಮ ಭೀಮಾಶಂಕರನಿಗೆ ಒಪ್ಪಿಸಿದ. ಹೆಂಡತಿ ದ್ಯಾವಮ್ಮ ಮಂದೆಯ ಜೊತೆಗೇ ನಡೆದಳು. ಮರಿ ಹಾಕಿಸಲು, ರೊಟ್ಟಿ ಬಡಿಯಲು ಅವಳಿಲ್ಲದೆ ಆಗದು. ಕಾಲು ಕೂಡುವ ತನಕ ಕೂತು ಮಾಡುವ ಕೆಲಸ ಎಲ್ಲಿ ಸಿಗುತ್ತದೆ ಎಂದು ಕೇಳಿದಾಗ, ಗುಟ್ಟದ ಹಿಂದೆ ಕಟ್ಟಡ ಕೆಲಸಕ್ಕೆ ಬಂದಿದ್ದ ಅವನ ಊರ ಕಡೆಯವರು ಈ ಗೇಟು ತೋರಿಸಿದರು.

ಕಾವಲುಗಾರರನ್ನು ಇಡುವ ಗುತ್ತಿಗೆದಾರನ ಸೂಪರ್‌ವೈಸರ್ ಹೇಮಂತ. ನಾಲ್ಕು ಪಾರ್ಕು ಅವನ ಕೈಯಲ್ಲಿ. ಹಿಂದಿನ ವಾಚ್‌ಮನ್ ಗೇಟು ತೆರೆದಿಟ್ಟು ಹೇಳದೆ ಕೇಳದೆ ಓಡಿಹೋಗಿದ್ದ. ಅವನ ಹಿಂದಿನವನೂ ಅಷ್ಟೆ. ಹೇಮಂತ ಬೈಕಿನ ಮೇಲಿಂದ ಇಳಿಯದೆ ಕೇಳಿದ, "ಕಾಕಾ, ತುಮ್ ಭೀ ಭಾಗ್ ಜಾತೇ ಕ್ಯಾ? ನೀನೂ ಓಡಿಹೋದ್ರೆ? ನಿನ್ನ ಪರವಾಗಿ ಜಾಮೀನು ಹೇಳೋರು ಯಾರಿದ್ದಾರೆ?"

ಈ ಊರಿನಲ್ಲಿ ಮಾಳಪ್ಪನಿಗೆ ಜಾಮೀನು ನಿಲ್ಲುವವರು ಯಾರು? ಸೊಂಟದ ಚೀಲಕ್ಕೆ ಕೈಹಾಕಿ ಮನೆದೇವರು ಮಾಳಿಂಗರಾಯನ ಭಂಡಾರ ತೆಗೆದ. ಹೇಮಂತ ಕೊಟ್ಟ ಕೀಲಿಕೈ ಗೊಂಚಲಿಗೆ ಆ ಅರಿಸಿನ ಹಚ್ಚಿ, ಹಣೆಗೆ ಮುಟ್ಟಿಸಿಕೊಂಡು ಹೇಳಿದ, "ಇದನ್ನ ಕಾಯೋ ಇನ್ನೊಬ್ಬನ ಕೈಗೆ ಕೊಡೋತನಕ ನಾ ಈ ಬೇಲಿ ದಾಟಂಗಿಲ್ಲ."

ಕುರಿದಡ್ಡಿಯಲ್ಲಿ ಆಡುವ ಮಾತು ಅದು. ಅಲ್ಲಿ ಸರದಿಯ ಮೇಲೆ ಕಾವಲು. ಒಬ್ಬ ಮಲಗಲು ಹೋಗುವಾಗ ಕೋಲನ್ನು ಇನ್ನೊಬ್ಬನ ಕೈಗೇ ಕೊಡಬೇಕು, ನೆಲಕ್ಕೆ ಇಡುವಂತಿಲ್ಲ. ನೆಲದ ಮೇಲೆ ಕೋಲು ಬಿತ್ತೆಂದರೆ ಮಂದೆಗೆ ಧಣಿ ಇಲ್ಲವೆಂದು ಅರ್ಥ. ದಡ್ಡಿಯಲ್ಲಿ ಅಣ್ಣತಮ್ಮಂದಿರು ಇರುತ್ತಾರೆ, ಕೈ ಚಾಚಿದರೆ ಕೈ ಸಿಗುತ್ತದೆ. ಆ ಧೈರ್ಯದ ಮೇಲೆಯೇ ಮಾಳಪ್ಪ ಪಟ್ಟಣದಲ್ಲಿಯೂ ಆ ಮಾತು ಆಡಿಬಿಟ್ಟ. ಹೇಮಂತ ಗೊಂಚಲನ್ನು ಮುಟ್ಟಿ ನೋಡಿ, ಬೆರಳಿಗೆ ಹತ್ತಿದ ಅರಿಸಿನವನ್ನು ಪ್ಯಾಂಟಿಗೆ ಒರೆಸಿಕೊಂಡು, "ಚಲೋ, ಬೈಠೋ" ಎಂದು ಕುರ್ಚಿ ತೋರಿಸಿ ಹೊರಟುಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಳಿಗಾಲದ ಹೊತ್ತಿಗೆ ಮೊಣಕಾಲು ಕೂಡಿತು. ಮಾಳಪ್ಪ ಫೋನು ಮಾಡಿ ಬೇರೆ ಆಳು ಕಳಿಸು ಎಂದ. "ಕಲ್ ಪಕ್ಕಾ, ಕಾಕಾ" ಎಂದು ಹೇಮಂತನ ಉತ್ತರ. ಆ ಕಲ್ ಎಂಬ ನಾಳೆ ಎರಡು ಮಳೆಗಾಲ ದಾಟಿದರೂ ಬೆಳಗಾಗಲಿಲ್ಲ. ಒಮ್ಮೆ ಒಬ್ಬ ಬಂದ. ಮಧ್ಯಾಹ್ನದ ತನಕ ಕೂತ, ಗೇಟಿನ ಪಕ್ಕದ ಕಾವಲು ಕೋಣೆಯ ಮೂಲೆಯಲ್ಲಿ ಹಾವಿನ ಪೊರೆ ನೋಡಿದ, ಚಹಾ ಕುಡಿದು ಬರುತ್ತೇನೆಂದು ಹೋದವನು ಇನ್ನೂ ಕುಡಿಯುತ್ತಲೇ ಇದ್ದಾನೆ. ಇನ್ನೊಮ್ಮೆ ಮಾಳಪ್ಪ ಗೊಂಚಲನ್ನು ಹೇಮಂತನ ಮುಂದೆಯೇ ಹಿಡಿದ. ಅವನು ಎರಡೂ ಕೈ ಜೇಬಿಗೆ ಹಾಕಿಕೊಂಡು ನಕ್ಕ. ಅಷ್ಟರಲ್ಲಿ ಅವನಿಗೆ ಗೊತ್ತಾಗಿತ್ತು, ಈ ಮನುಷ್ಯನಿಗೆ ಬೇರೆ ಬೀಗ ಬೇಕಿಲ್ಲ ಎಂದು.

ಹೀಗೆ ಬೇಲಿಯೊಳಗೇ ಬದುಕು. ಹಿಟ್ಟು ಎಣ್ಣೆಯನ್ನು ಕಟ್ಟಡ ಕೆಲಸದವರು ತಂದುಕೊಡುತ್ತಾರೆ. ತರಕಾರಿ ಗಾಡಿಯವನು ಸರಳಿನ ಸಂದಿಯಲ್ಲಿ ಬದನೆಕಾಯಿ ತೂರಿಸುತ್ತಾನೆ. ಹತ್ತು ಹೆಜ್ಜೆ ಆಚೆ ಹೋಟೆಲಿದ್ದರೂ ಅಲ್ಲಿನ ಚಹಾದ ವಾಸನೆ ಗೊತ್ತು, ರುಚಿ ಗೊತ್ತಿಲ್ಲ. ನಡುಮಧ್ಯಾಹ್ನ ಪಾರ್ಕಿಗೆ ಬೀಗ ಬಿದ್ದಾಗ ಮಾಳಪ್ಪ ಒಬ್ಬನೇ ಆ ಮಣ್ಣಿನ ಹಾದಿ ಹಿಡಿಯುತ್ತಾನೆ. ಅವನ ಕಾಲಿಗೆ ನೇರ ಹೋಗಿ ರೂಢಿ. ಇಲ್ಲಿ ಹಾದಿ ಮೆತ್ತಗೆ ಬಾಗುತ್ತಾ ಬಾಗುತ್ತಾ, ಬೇಡವೆಂದರೂ ಅದೇ ಕುರ್ಚಿಯ ಮುಂದೆ ತಂದು ನಿಲ್ಲಿಸುತ್ತದೆ. ಮಳೆ ಬಿದ್ದು ಗುಟ್ಟದ ಮೇಲೆ ಹುಲ್ಲು ಏಳುತ್ತದೆ. ಮೇಯುವ ಬಾಯಿಲ್ಲದೆ ಅದು ನಿಂತಲ್ಲೇ ಒಣಗುತ್ತದೆ.

ಈ ಸಲ ಸುಗ್ಗಿ ಮುಗಿದ ಮೇಲೆ ಮಂದೆ ಪಟಾನ್‌ಚೆರುವಿನ ಆಚೆಯ ಹೊಲಗಳಿಗೆ ಬಂತು. ಬಸ್ಸು ಹತ್ತಿದರೆ ಒಂದು ನಿದ್ದೆಯಷ್ಟು ದೂರ. ಒಂದು ಬೆಳಗ್ಗೆ ವಾಕಿಂಗಿನವರ ನಡುವೆ ಹಸಿರು ಸೀರೆಯ ಕಚ್ಚೆ ಹಾಕಿದ ದ್ಯಾವಮ್ಮ ಗೇಟಿಗೆ ಬಂದು ನಿಂತಳು. ಕೈಯಲ್ಲಿ ಒಂದು ಕೋಲು. ಮಾಳಪ್ಪ ಹೆಂಡತಿಗಿಂತ ಮೊದಲು ಕೋಲಿನ ಗುರುತು ಹಿಡಿದ. ಅದು ಅವನದೇ.

"ಒಳಗ ಬರಾಕ ಚೀಟಿ ಬೇಕಂತಲ್ರಿ," ಎಂದಳು. "ನಡ್ಯಾಕೂ ಚೀಟಿ ತಗೋಬೇಕೇನು ಈ ಊರಾಗ?"

"ನಡ್ಯೋದು ತುಟ್ಟಿ ಆಗೈತಿ. ಬಾ ಒಳಗ."

"ಹೊಟ್ಟಿ ಬಂದೈತಲ್ಲ ನಿಮಗ. ಕಾಲು ಹ್ಯಾಂಗೈತಿ?"

"ಕಾಲು ಛಲೋ ಐತಿ. ಹೋಗಾಕ ಜಾಗಾ ಇಲ್ಲ."

ಇಬ್ಬರೂ ಹಾದಿಯಲ್ಲಿ ಒಂದು ಸುತ್ತು ನಡೆದರು. ದ್ಯಾವಮ್ಮ ಎದುರಿಗೆ ಬಂದವರನ್ನೆಲ್ಲ ನಿಂತು ನೋಡಿದಳು. "ಇವರೆಲ್ಲ ಎಲ್ಲಿಗೆ ಹೊಂಟಾರ?"

"ಎಲ್ಲಿಗೂ ಇಲ್ಲ. ಸುತ್ತು ಹೊಡೀತಾರ."

"ಏನರ ಕಳಕೊಂಡಾರೇನು?"

ಬಹಳ ದಿನದ ಮೇಲೆ ಮಾಳಪ್ಪ ನಕ್ಕ. ಅವಳು ನಗಲಿಲ್ಲ. ಬೇವಿನ ಮರದ ಕೆಳಗೆ ಬಂದಾಗ ತಂದ ಸುದ್ದಿ ಹೇಳಿದಳು. ನಾಳೆ ಬೆಳಗಿನ ಜಾವ ಮಂದೆ ಬೀದರಿನ ಹಾದಿ ಹಿಡಿಯುತ್ತದೆ. ಒಬ್ಬನೇ ಇಷ್ಟು ಕುರಿ ಹೊಡೆದು ಭೀಮಾಶಂಕರ ಸೋತಿದ್ದಾನೆ. ಗುರುಮಠಕಲ್ ಕಡೆಯ ಒಬ್ಬನನ್ನು ಪಾಲಿಗೆ ಸೇರಿಸಿಕೊಳ್ಳುವ ಮಾತಾಗಿದೆ.

"ಮೈದುನ ಅಂದಾನ, ಅಣ್ಣ ಬಂದ್ರ ಅಣ್ಣನ ಜಾಗಾ ಅಣ್ಣಂದು. ಈ ರಾತ್ರಿನೂ ಬರಲಿಲ್ಲಂದ್ರ ಕೋಲು ಆ ಹೊಸಬನ ಕೈಗೆ ಕೊಡ್ತೀನಿ ಅಂತ. ಒಮ್ಮೆ ಕೊಟ್ಟ ಮ್ಯಾಲ ತಿರುಗಿ ಕೇಳಾಕ ಬರಂಗಿಲ್ಲ. ಅದಕ್ಕ ತಂದೀನಿ."

ಅವಳು ಕೋಲು ಮುಂದೆ ಮಾಡಿದಳು. ಮಾಳಪ್ಪ ಅದನ್ನು ಮುಟ್ಟಲಿಲ್ಲ. ಅವನ ಬಲಗೈಯಲ್ಲಿ ಕೀಲಿಕೈ ಇತ್ತು.

ಗೇಟಿಗೆ ಬಂದು ಹೇಮಂತನಿಗೆ ಫೋನು ಹಚ್ಚಿದ. ಅವನು ಹಿಮಾಯತ್‌ನಗರದ ಆಫೀಸಿನಲ್ಲಿದ್ದ. ಈವತ್ತು ಯಾರಾದರೂ ಸರಿ, ಒಬ್ಬನನ್ನು ಕಳಿಸು, ಕಾಲಿಗೆ ಬೀಳುತ್ತೇನೆ ಎಂದ ಮಾಳಪ್ಪ. ಆ ಕಡೆಯಿಂದ ಕಲ್ ಎಂಬ ಮಾತು ದ್ಯಾವಮ್ಮನಿಗೂ ಕೇಳಿಸಿತು. ಫೋನು ಜೇಬಿಗೆ ಹೋಯಿತು. ಇಬ್ಬರೂ ಕೂತರು, ಅವನು ಕುರ್ಚಿಯ ಮೇಲೆ, ಅವಳು ಕಟ್ಟೆಯ ಮೇಲೆ. ಬಂದುಬಿಡಿ ಎಂದು ಅವಳು ಒಂದು ಸಲವೂ ಅನ್ನಲಿಲ್ಲ. ಅವಳೂ ಭಂಡಾರದ ಮನೆಯ ಮಗಳು, ಅದನ್ನು ಹಚ್ಚಿ ಆಡಿದ ಮಾತಿನ ತೂಕ ಬಲ್ಲವಳು. "ನಾ ಕೇಳಂಗಿಲ್ಲರಿ," ಎಂದಳು ಒಮ್ಮೆ, ನೆಲ ನೋಡುತ್ತ.

ಪಕ್ಕದಲ್ಲಿ ಬೂಟಿನ ದಾರ ಬಿಗಿಯುತ್ತಿದ್ದ ತರುಣ ಎಲ್ಲ ಕೇಳಿಸಿಕೊಂಡಿದ್ದ. ಮೈಸೂರಿನ ಹುಡುಗ, ಕಂಪ್ಯೂಟರ್ ಕೆಲಸದವನು. ಕನ್ನಡ ಸಿಗುತ್ತದೆಂದು ದಿನಾ ಮಾಳಪ್ಪನ ಹತ್ತಿರ ನಿಂತು ಎರಡು ಮಾತಾಡಿ ಹೋಗುವವನು. ಭಂಡಾರದ ಕಥೆಯೂ ಅವನಿಗೆ ಗೊತ್ತು.

"ಯಜಮಾನ್ರೇ, ಇದಕ್ಕೆ ಯಾಕೆ ಇಷ್ಟು ಯೋಚನೆ," ಎಂದ. "ಇನ್ನೊಬ್ಬರ ಕೈಗೆ ಕೊಡೋತನಕ ಅಂತ ತಾನೆ ಹೇಳಿದ್ದು? ನನ್ನ ಕೈಗೆ ಕೊಡಿ. ನಾನು ತಗೊಂಡ್ರೆ ನಿಮ್ಮ ಮಾತು ಮುಗೀತು. ನೀವು ಬಸ್ಸು ಹತ್ತಿ."

"ನೀ ತಗೊಂಡು ಏನು ಮಾಡ್ತಿ?"

"ಆಫೀಸಿನ ಹೊತ್ತಿನ ತನಕ ಇಲ್ಲೇ ಕೂತಿರ್ತೀನಿ. ಆಮೇಲೆ ಬೀಗ ಹಾಕಿ, ಕೀನ ನಿಮ್ಮ ಕಿಟಕೀಲಿ ಇಟ್ಟು ಹೇಮಂತಂಗೆ ಫೋನ್ ಮಾಡ್ತೀನಿ. ಬಂದು ತಗೊಳ್ಳಲಿ. ಅವನಿಗೂ ಬುದ್ಧಿ ಬರಲಿ. ಇಲ್ಲಿ ಯಾರೂ ನಿಮ್ಮನ್ನ ತಪ್ಪು ಅನ್ನಲ್ಲ."

ಹುಡುಗ ಕೈ ಚಾಚಿದ. ತೊಳೆದ ಹಾಗಿದ್ದ ಬಿಳಿ ಅಂಗೈ. ಎರಡು ವರ್ಷ ಕಾದ ಕೈ ಕೊನೆಗೂ ಎದುರಿಗೆ ಬಂದಿತ್ತು. ದ್ಯಾವಮ್ಮ ಎದ್ದು ನಿಂತಳು. ಅವಳಿಗೇ ಗೊತ್ತಾಗದ ಹಾಗೆ ಕೋಲು ಗಂಡನ ಕಡೆಗೆ ವಾಲಿತು. ಮಾಳಪ್ಪ ಗೊಂಚಲನ್ನು ಎತ್ತಿ ಆ ಅಂಗೈಯ ಮೇಲೆ ತಂದ. ಕೀಲಿಕೈಯ ಕಿವಿಯ ಸಂದಿಯಲ್ಲಿ ಇನ್ನೂ ಚೂರು ಅರಿಸಿನ ಉಳಿದಿತ್ತು. ಹೆಬ್ಬೆರಳಿನಿಂದ ಅದನ್ನು ಒಮ್ಮೆ ಸವರಿದ. ಹಿಂದಿನಿಂದ ಬಂದವರು ದಾರಿ ಬಿಡಿ ಎಂದು ಸುತ್ತಿ ಹೋದರು.

ಆಮೇಲೆ ಕೈ ಹಿಂದಕ್ಕೆ ತಗೊಂಡು, ಗೊಂಚಲನ್ನು ಉಡಿದಾರಕ್ಕೆ ಸಿಗಿಸಿಕೊಂಡ.

"ಬ್ಯಾಡ ತಮ್ಮಾ. ನಿನ್ನ ಮನಸು ದೊಡ್ಡದೈತಿ, ಅದು ನನಗ ಗೊತ್ತೈತಿ. ಆದರ ನೀ ಕಾಯಾಕ ಬಂದಾಂವ ಅಲ್ಲ, ನನ್ನ ಬಿಡಸಾಕ ಬಂದಾಂವ. ಕಾಯೋನ ಕೈಗೆ ಕೊಡ್ತೀನಿ ಅಂತ ಅಂದೀನಿ ನಾ. ಒಂದ ತಾಸಿಗೆ ಕಿಟಕ್ಯಾಗ ಇಟ್ಟು ಹೋಗೋ ಕೈಗೆ ಕೊಟ್ರ, ನೆಲಕ್ಕ ಇಟ್ಟಂಗ ಆತು. ಹೇಮಂತನ ಕಣ್ಣು ತಪ್ಪಸಬೌದು; ಭಂಡಾರ ಹಚ್ಚಿದ್ದು ನಾ, ನನ್ನ ಕಣ್ಣು ಎಲ್ಲಿಗೆ ಒಯ್ಯಲಿ? ನೀ ಹೋಗು, ನಿನ್ನ ಆಫೀಸಿಗೆ ಹೊತ್ತಾತು. ದ್ಯಾವಿ, ನೀನೂ ಏಳು. ಬಸ್ಸು ತಪ್ಪತೈತಿ. ಆ ಕೋಲು ಹಾದ್ಯಾಗ ಎಲ್ಲೂ ಕೆಳಗ ಇಡಬ್ಯಾಡ. ಆ ಗುರುಮಠಕಲ್ಲಿನಾಂವ ನಿಂತು ಕಾಯೋ ಮನಷಾ ಇದ್ದರ, ಅವನ ಕೈಯಾಗ ಕೊಡು."